ಬಾಗಿಲು ಯಾರು ತೆಗೆದರು?

ಕೋರ್ಟಿನ ಅಮೀನನನ್ನು ಯಾರೂ ಊಟಕ್ಕೆ ಕರೆಯುವುದಿಲ್ಲ. ಮದುವೆ ಮನೆಯಲ್ಲಿ ಎಲೆಯ ಮುಂದೆ ಕೂತರೂ ಪಕ್ಕದವನು ಒಂದು ಗೇಣು ಸರಿದು ಕೂರುತ್ತಾನೆ, ಇವನ ಚೀಲದಲ್ಲಿ ತನ್ನ ಹೆಸರಿನ ಕಾಗದವೇನಾದರೂ ಇದ್ದೀತು ಎಂದು. ಈ ಕೆಲಸಕ್ಕೆ ಹೊಸದಾಗಿ ಬರುವವರು ಇದನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಯಾರೋ ಹೂಡಿದ ದಾವೆಯ ಸಮನ್ಸನ್ನು ಎದುರಾಳಿಯ ಮನೆಗೆ ಒಯ್ದು, ಅವನ ಕೈಗೆ ಕೊಟ್ಟು, ಸಹಿ ಹಾಕಿಸಿಕೊಂಡು ಬರುವುದು ನಮ್ಮ ಕೆಲಸ. ಅದಕ್ಕೆ ಜಾರಿ ಮಾಡುವುದು ಎನ್ನುತ್ತೇವೆ. ಹರಪನಹಳ್ಳಿ, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ ಎಲ್ಲ ಕಡೆಯ ಧೂಳೂ ನನ್ನ ಚಪ್ಪಲಿಗೆ ಹತ್ತಿದೆ. ಬಡ್ತಿ ಗಿಡ್ತಿಯ ಮಾತು ಬಿಡಿ, ಅದರಲ್ಲಿ ಹೇಳುವಂಥದ್ದೇನೂ ಇಲ್ಲ.

ನಾನು ಹೇಳಹೊರಟಿರುವುದು ಈ ಕೆಲಸ ನನಗೆ ಹೇಗೆ ಅರ್ಥವಾಯಿತು ಎಂಬುದನ್ನು. ಅದನ್ನು ಕಾನೂನಿನ ಪುಸ್ತಕ ಕಲಿಸಲಿಲ್ಲ. ನಮ್ಮ ಮನೆಯ ಗೂಡಿನಲ್ಲಿ ಒಂದು ದಪ್ಪ ಕಾದಂಬರಿ ಇತ್ತು. ಅದು ನನ್ನದಲ್ಲ, ನಾಜರ್ ಮಹಾದೇವಯ್ಯ ಸಾಹೇಬರದು. ಅಮೀನರಿಗೆಲ್ಲ ಕೆಲಸ ಹಂಚಿ, ಸಂಜೆ ಲೆಕ್ಕ ಕೇಳುವ ಮೇಲಧಿಕಾರಿಗೆ ನಾಜರ್ ಎಂದು ಹೆಸರು. ಆ ಕಾದಂಬರಿಯ ಕೊನೆಯ ಅಧ್ಯಾಯವೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ನಾನು ಓದಿದ್ದೆ. ಮುಗಿಸಿದರೆ ವಾಪಸು ಕೊಡಬೇಕು, ಕೊಡಬೇಕೆಂದರೆ ಅವರ ಬಾಗಿಲು ಬಡಿಯಬೇಕು. ಊರವರೆಲ್ಲರ ಬಾಗಿಲು ಬಡಿದವನಿಗೆ ಆ ಒಂದು ಬಾಗಿಲು ಬಡಿಯಲು ಆಗಿರಲಿಲ್ಲ. ಅವರ ಜೊತೆ ಇನ್ನೊಮ್ಮೆ ಎದುರುಬದುರು ಕೂತು ಮಾತಾಡಬೇಕು ಎಂಬ ಆಸೆ ಮಾತ್ರ, ನಾನು ನಿವೃತ್ತನಾದ ಮೇಲೆ, ದಿನಾ ಬೆಳಿಗ್ಗೆ ನನಗಿಂತ ಮೊದಲು ಏಳುತ್ತಿತ್ತು.

ನಾನು ಸೇರಿದ್ದು ಹರಪನಹಳ್ಳಿಯಲ್ಲಿ. ನಾಜರ್ ಸಾಹೇಬರ ಕೋಣೆ ಕೋರ್ಟಿನ ಹಿಂಬದಿಗಿತ್ತು. ಜಪ್ತಿಯಾಗಿ ಬಂದ ಸೈಕಲ್ಲು, ಹೊಲಿಗೆ ಯಂತ್ರ, ಹಿತ್ತಾಳೆ ಕೊಡ, ಒಂದು ತೊಟ್ಟಿಲು, ಇವುಗಳ ನಡುವೆ ಸಾಹೇಬರು ಕೂತು ಓದುತ್ತಿದ್ದರು. ತೆಳ್ಳಗಿನ ಮನುಷ್ಯ, ಬಿಳಿ ಅಂಗಿ, ಹಣೆಯ ಮೇಲೆ ವಿಭೂತಿ. ಒಂದು ಪುಟ ಓದುವುದು, ಆಮೇಲೆ ತುಂಬ ಹೊತ್ತು ಗೋಡೆ ನೋಡುವುದು. ತತ್ವಶಾಸ್ತ್ರ ಓದುವವರು ಹೀಗೇ ಎಂದು ನನಗೆ ಆಗ ಗೊತ್ತಿರಲಿಲ್ಲ. ಗೋಡೆಯ ಮೇಲೆ ಹಲ್ಲಿ ಇದೆಯೇನೋ ಎಂದು ನಾನೂ ಒಮ್ಮೆ ತಿರುಗಿ ನೋಡಿದೆ.

ನನ್ನ ಮೊದಲ ಜಾರಿ ಚಿಗಟೇರಿಯಲ್ಲಿ. ಊರು ಮುಟ್ಟಿ, ಮನೆ ಹುಡುಕಿ, ಕಾಗದ ಕೊಟ್ಟು, ಸಹಿ ತಂದು ಎದೆ ಉಬ್ಬಿಸಿ ನಿಂತೆ. "ಜಾರಿ ಆತ್ರಿ ಸಾಹೇಬ್ರ" ಎಂದೆ. ಅವರು ಸಹಿ ನೋಡಲಿಲ್ಲ.

"ಬಾಗ್ಲಾ ಯಾರು ತೆಗದ್ರು?" ಎಂದು ಕೇಳಿದರು.

"ಅವರ ತಾಯಿ ಇರಬೇಕ್ರಿ."

"ಇರಬೇಕೋ, ಇದ್ಲೋ? ಆಕೀ ಕೈಯಾಗ ಏನಿತ್ತು?"

ನನಗೆ ಗೊತ್ತಿರಲಿಲ್ಲ. "ಒಂದು ಮನಿ ಬಾಗ್ಲಾ ತಗಿಸಿ, ಒಳಗಿನ ಮನಷ್ಯಾರನ್ನ ನೋಡಲಾರದ ಬಂದಿ. ಹಂಗಾದ್ರ ನೀ ಹೋಗೋದೂ ಒಂದ, ಟಪಾಲು ಹೋಗೋದೂ ಒಂದ" ಎಂದು ಹೇಳಿ, ಬೆನ್ನ ಹಿಂದಿನ ಕಪಾಟು ತೆಗೆದು ಒಂದು ಸಣ್ಣ ಕಾದಂಬರಿ ಕೈಗಿಟ್ಟರು. "ಇದರಾಗ ಒಬ್ಬಾಕಿ ತಾಯಿ ಅದಾಳ. ಓದು. ಆಮ್ಯಾಲ ಚಿಗಟೇರಿ ತಾಯಿ ಕೈಯಾಗ ಏನಿತ್ತಂತ ತಾನ ನೆನಪಾಗ್ತತಿ."

ಇದೇನು ಮಾಟವೋ ಮಂತ್ರವೋ ಎಂದುಕೊಂಡು ಓದಿದೆ. ಕುರಿ ಕಾಯುವ ಮನೆತನ ನಮ್ಮದು. ಮನೆಯಲ್ಲಿ ಪುಸ್ತಕ ಎಂದರೆ ಪಂಚಾಂಗ, ಅದೂ ಪಕ್ಕದ ಮನೆಯದು. ಆ ಕಾದಂಬರಿಯ ಒಂದು ಪುಟದಲ್ಲಿ ಮಗನನ್ನು ಹುಡುಕಿಕೊಂಡು ಪೊಲೀಸರು ಬಂದಾಗ ತಾಯಿ ಒಲೆಯ ಬೂದಿಯನ್ನು ಸುಮ್ಮನೆ ಕೆದಕುತ್ತಾಳೆ. ಅಲ್ಲಿಗೆ ಬಂದಾಗ ನನಗೆ ಚಿಗಟೇರಿಯ ಬಾಗಿಲು ಕಣ್ಣ ಮುಂದೆ ಬಂತು. ಆ ತಾಯಿಯ ಕೈಯಲ್ಲಿ ಮೊರವಿತ್ತು. ಕೋರ್ಟು ಎಂಬ ಮಾತು ಕೇಳಿದೊಡನೆ ಆಕೆ ಅದನ್ನು ಎದೆಗೆ ಅವಚಿಕೊಂಡಿದ್ದಳು. ಜೋಳ ನೆಲಕ್ಕೆ ಸುರಿಯುತ್ತಿದ್ದರೂ ನೋಡಿರಲಿಲ್ಲ. ನಾನು ಆ ಜೋಳ ತುಳಿದುಕೊಂಡೇ ಸಹಿ ಮಾಡಿಸಿಕೊಂಡು ಬಂದಿದ್ದೆ.

ಮರುದಿನ ಹೋಗಿ ಹೇಳಿದೆ. ಸಾಹೇಬರು ಕೋರ್ಟಿನ ಎದುರಿನ ಅಂಗಡಿಗೆ ಕರೆದೊಯ್ದು ಒಂದು ಚಹಾ ಬೈಟು ಮಾಡಿಸಿದರು. ಒಂದೇ ಚಹಾ, ಎರಡು ಗ್ಲಾಸು. ಅಂದಿನಿಂದ ನಮ್ಮ ಬೈಟು ಚಹಾ ಶುರುವಾಯಿತು. ಆಮೇಲೆ ಇಬ್ಬರಿಗೂ ಕೂಡ್ಲಿಗಿಗೆ ವರ್ಗವಾಯಿತು, ಚಹಾವೂ ನಮ್ಮ ಜೊತೆಗೇ ಬಂತು.

ಓದಿನ ಹುಚ್ಚು ಹತ್ತಿದ ಮೇಲೆ ನಾನು ಮಾಡಿಕೊಂಡ ಫಜೀತಿಗಳೂ ಉಂಟು. ಒಮ್ಮೆ ಕೂಡ್ಲಿಗಿ ಹತ್ತಿರದ ಹಳ್ಳಿಯಲ್ಲಿ ಬಾಗಿಲು ತೆಗೆದ ಹೆಂಗಸಿನ ಕಣ್ಣಲ್ಲಿ ಧಾರಾಕಾರ ನೀರು. ನಾನು ಆಗಷ್ಟೇ ಒಂದು ದುಃಖದ ಕಾದಂಬರಿ ಮುಗಿಸಿದ್ದೆ. ಕಾಗದ ಚೀಲದಲ್ಲೇ ಬಿಟ್ಟು, "ಅಕ್ಕಾರ, ಸಮಾಧಾನ ಮಾಡ್ಕೊರ್ರಿ, ಎಲ್ಲಾ ಸರಿ ಆಗ್ತತಿ" ಎಂದು ಉಪದೇಶ ಶುರು ಮಾಡಿದೆ. ಆಕೆ ಸೆರಗಿನಿಂದ ಮೂಗು ಒರೆಸಿಕೊಂಡು, "ಉಳ್ಳಾಗಡ್ಡಿ ಹೆಚ್ಚಾಕ ಹತ್ತಿದ್ನೆಪ್ಪ, ಯಾರು ಬೇಕಿತ್ತು?" ಎಂದಳು. ಈರುಳ್ಳಿಯ ಈ ಕಥೆ ಸಾಹೇಬರಿಗೆ ಹೇಳಿದಾಗ ಅವರು ಚಹಾ ಮೈಮೇಲೆ ಚೆಲ್ಲಿಕೊಂಡು ನಕ್ಕರು. "ಓದು ಅನ್ನೋದು ಕನ್ನಡಕ ಇದ್ದಂಗ ಬೀರಾ. ಹಾಕ್ಕೊಂಡು ನೋಡಬೇಕು, ಕನ್ನಡಕಾನ ನೋಡ್ತಾ ಕುಂದರಬಾರದು" ಎಂದರು.

ಜಡ್ಜ್ ಸಾಹೇಬರೊಬ್ಬರಿಗೆ ನನ್ನ ಓದು ಸೇರುತ್ತಿರಲಿಲ್ಲ. ಒಮ್ಮೆ ಸಮನ್ಸುಗಳ ನಡುವೆ ಕಾದಂಬರಿ ಕಂಡು, "ಇದನ್ನು ಯಾರಿಗೆ ಜಾರಿ ಮಾಡಬೇಕಪ್ಪಾ?" ಎಂದು ಎಲ್ಲರೆದುರು ಕೇಳಿದರು. "ಇದು ನನಗ ಜಾರಿ ಆಗಿರೋದ್ರಿ ಸ್ವಾಮಿ" ಎಂದೆ. ವಕೀಲರೆಲ್ಲ ನಕ್ಕರು. ಆ ತಿಂಗಳು ನನಗೆ ಬಸ್ಸು ಹೋಗದ ಹಳ್ಳಿಗಳೇ ಬಂದವು.

ನಮ್ಮ ಭಾಗದಲ್ಲಿ ಎಲ್ಲಕ್ಕಿಂತ ಕಷ್ಟ ಕುರಿಗಾರರಿಗೆ ಜಾರಿ ಮಾಡುವುದು. ಕಾಗದದಲ್ಲಿ ಊರಿನ ವಿಳಾಸವಿರುತ್ತದೆ, ಮನುಷ್ಯ ಕುರಿಯ ಹಿಂದೆ ಇನ್ಯಾವುದೋ ತಾಲ್ಲೂಕಿನ ಹೊಲದಲ್ಲಿರುತ್ತಾನೆ. ಒಮ್ಮೆ ಹಾಗೆ ಒಬ್ಬ ಅಜ್ಜನನ್ನು ಹುಡುಕಿಕೊಂಡು ಅಲೆದು, ಹಗರಿಬೊಮ್ಮನಹಳ್ಳಿ ಕಡೆಯ ಒಂದು ಹೊಲದಲ್ಲಿ ಹಿಡಿದೆ. ಗೊಬ್ಬರಕ್ಕೆಂದು ಹೊಲದವರು ಅವನ ಕುರಿಗಳನ್ನು ರಾತ್ರಿ ಹೊಲದಲ್ಲೇ ತರುಬಿಸಿಕೊಂಡಿದ್ದರು. "ನಿಮ್ಮ ವಾಸ ಎಲ್ಲಿ ಅಂತ ಬರಕೊಳ್ಳಲಿ ಅಜ್ಜಾ?" ಎಂದೆ. "ಕುರಿ ಎಲ್ಲಿ ಮಕ್ಕಂತಾವೋ ಅಲ್ಲೇ ನೋಡಪ. ಮನಸ್ಸಿನ ವಾಸ ಕೇಳ್ತಿ ಅಂದ್ರ, ಅದು ಮೊಮ್ಮಗಳ ಹಂತ್ಯಾಕ ಊರಾಗ ಐತಿ" ಎಂದ.

ಈ ಮಾತು ಸಾಹೇಬರಿಗೆ ಒಪ್ಪಿಸಿದಾಗ ಅವರು ಗೋಡೆ ನೋಡತೊಡಗಿದರು. ಮನುಷ್ಯ ಮೈ ಇದ್ದಲ್ಲಿ ಇರುತ್ತಾನೋ ಮನಸ್ಸು ಇದ್ದಲ್ಲಿ ಇರುತ್ತಾನೋ ಎಂಬ ಪ್ರಶ್ನೆಗೆ ತಮ್ಮ ತತ್ವಶಾಸ್ತ್ರದ ಪುಸ್ತಕದಲ್ಲಿ ಒಂದು ಇಡೀ ಅಧ್ಯಾಯ ಇದೆ ಎಂದರು. ಆಮೇಲೆ ಮೆಲ್ಲಗೆ, "ಜಾರಿ ಎಲ್ಲಿ ಮಾಡಬೇಕು ಅನ್ನೋದು ದೊಡ್ಡ ಪ್ರಶ್ನೆ ಬೀರಾ" ಎಂದರು. ಆಗ ನನಗೆ ಅದು ಕಾನೂನಿನ ಮಾತಾಗಿ ಕೇಳಿಸಿತ್ತು.

ಅವರ ಮನೆಯಲ್ಲಿ ಅವರೊಬ್ಬರೇ. ಅಡುಗೆ ತಾವೇ ಮಾಡಿಕೊಳ್ಳುತ್ತಿದ್ದರು. ಹೆಂಡತಿ ಎಲ್ಲಿ, ಏನು ಎಂದು ಕೇಳುವ ಧೈರ್ಯ ಆಫೀಸಿನಲ್ಲಿ ಯಾರಿಗೂ ಇರಲಿಲ್ಲ. ಒಂದೇ ವಿಚಿತ್ರ. ಬಸ್ ಸ್ಟ್ಯಾಂಡಿಗೆ ಹಡಗಲಿ ಮಲ್ಲಿಗೆ ಬಂದ ದಿನ ಸಾಹೇಬರು ಒಂದು ಮೊಳ ಹೂ ಕೊಂಡು ತಂದು ಮೇಜಿನ ಮೇಲಿಟ್ಟು ಕೆಲಸ ಮಾಡುವರು. ಸಂಜೆ ಅದನ್ನು ಅಲ್ಲೇ ಬಿಟ್ಟು ಹೋಗುವರು. ಮನೆಯಲ್ಲಿ ಮುಡಿಯುವವರಿಲ್ಲದೆ ಹೂವೇಕೆ ಎಂದು ನಾವು ಹಿಂದಿನಿಂದ ನಗುತ್ತಿದ್ದೆವು. ಗುಡಿಸುವ ಹೆಂಗಸು ಅದನ್ನು ಮುಡಿದುಕೊಂಡು ಹೋಗುತ್ತಿದ್ದಳು.

ಗೂಡಿನಲ್ಲಿದ್ದ ಆ ದಪ್ಪ ಕಾದಂಬರಿ ಅವರು ಕೊಟ್ಟಿದ್ದು ಆ ದಿನಗಳಲ್ಲೇ. ಅದರಲ್ಲಿ ಗಂಡ ಹೆಂಡತಿ ಒಂದು ಸಣ್ಣ ಮಾತಿಗೆ ಮುನಿಸಿಕೊಂಡು ನೂರಾರು ಪುಟ ಮಾತಾಡುವುದಿಲ್ಲ. ಇಬ್ಬರಿಗೂ ಆಸೆಯಿದೆ, ಇಬ್ಬರಿಗೂ ಬಿಗುಮಾನ. ಅರ್ಧಕ್ಕೆ ಬಂದಾಗ ನನಗೆ ಸಿಟ್ಟು ಬಂತು. "ಒಬ್ಬರು ಬಾಯಿ ಬಿಟ್ಟಿದ್ರ ಹತ್ತು ಪುಟಕ್ಕ ಮುಗೀತಿತ್ತಲ್ರಿ ಸಾಹೇಬ್ರ" ಎಂದೆ.

"ಮನಷ್ಯಾ ತಾನಾಗಿ ಬಾಗೋದು ಕಷ್ಟ ಬೀರಾ. ಅಂವಗ ಒಂದು ನೆವ ಬೇಕು" ಎಂದು ಅವರು ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ಅದೇ ಮಾತಿಗೆ ಮುಂದೆ ಅವರೇ ತಿರುಗಿ ನಿಂತರು. ಅದನ್ನು ಹೇಳಬೇಕಾದರೆ ಕೊಟ್ರೇಶನ ಪ್ರಕರಣ ಹೇಳಬೇಕು.

ಕೊಟ್ಟೂರಿನಲ್ಲಿ ಕಲ್ಲೆಸೆದರೆ ಅದು ಒಬ್ಬ ಕೊಟ್ರೇಶನಿಗೆ ತಾಗುತ್ತದೆ ಎಂದು ನಾವು ನಗುತ್ತಿದ್ದೆವು. ಊರ ದೇವರ ಹೆಸರು, ಹಾಗಾಗಿ ಮನೆಗೊಬ್ಬ ಕೊಟ್ರೇಶ, ಇಲ್ಲದಿದ್ದರೆ ಕೊಟ್ರಪ್ಪ, ಕೊಟ್ರಮ್ಮ. ಈಗಲೂ ಹೆಸರು ಬದಲಿಸದೆ ಬರೆಯುತ್ತಿದ್ದೇನೆ, ಯಾವ ಕೊಟ್ರೇಶ ಎಂದು ನಿಮಗೆ ಗೊತ್ತಾಗುವ ಹೆದರಿಕೆಯಿಲ್ಲ. ಅಲ್ಲಿ ಜಾರಿ ಮಾಡುವಾಗ ತಂದೆಯ ಹೆಸರು ಕೇಳಿಯೇ ಕಾಗದ ಹೊರಗೆ ತೆಗೆಯಬೇಕು ಎಂಬುದು ಅಮೀನನ ಮೊದಲ ಪಾಠ.

ಕೊಟ್ಟೂರು ಆಗ ಕೂಡ್ಲಿಗಿ ಕೋರ್ಟಿಗೆ ಸೇರಿತ್ತು. ಶಾರದಮ್ಮ ಎಂಬವಳು ಒಂದು ಅರ್ಜಿ ಹಾಕಿದ್ದಳು. ತನ್ನನ್ನು ಬಿಟ್ಟು ಕೊಟ್ಟೂರಿನಲ್ಲಿರುವ ಗಂಡ, ವೀರಪ್ಪನ ಮಗ ಕೊಟ್ರೇಶ, ಮರಳಿ ಬಂದು ತನ್ನ ಜೊತೆ ಸಂಸಾರ ಮಾಡಬೇಕು ಎಂಬುದು ಅವಳ ಕೋರಿಕೆ. ನಾನು ಆ ಕೇರಿಗೆ ಹೋಗಿ ಕಟ್ಟೆಯ ಮೇಲಿದ್ದವರನ್ನು, "ಹೇಣ್ತೀನ್ನ ಬಿಟ್ಟು ಒಬ್ಬನ ಇರೋ ಕೊಟ್ರೇಶ ಎಲ್ಲಿ ಸಿಗ್ತಾನ್ರಿ?" ಎಂದು ಕೇಳಿದೆ. ಕಾದಂಬರಿ ಓದಿದವನ ಪ್ರಶ್ನೆ ಅದು, ಅಮೀನನದಲ್ಲ. ಅವರು ಒಂದು ಮಿರ್ಚಿ ಅಂಗಡಿ ತೋರಿಸಿದರು.

ಅಂಗಡಿಯವನು ಮೆಣಸಿನಕಾಯಿಯನ್ನು ಹಿಟ್ಟಿನಲ್ಲಿ ಅದ್ದಿ ಎಣ್ಣೆಗೆ ಬಿಡುತ್ತಿದ್ದ. "ಕೊಟ್ರೇಶ ಅಂದ್ರ ನೀವೇನ್ರಿ? ಕೋರ್ಟಿನಿಂದ ಬಂದೀನಿ" ಎಂದೆ. ಹೌದೆಂದ. "ವೀರಪ್ಪನ ಮಗ ಕೊಟ್ರೇಶ" ಎಂದು ಗಡಗಡ ಓದಿ, "ನಿಮ್ಮ ಮನಿಯಾರು ಅರ್ಜಿ ಹಾಕ್ಯಾರ. ನೀವು ಬಂದು ಅವರ ಕೂಡ ಸಂಸಾರ ಮಾಡಬೇಕಂತ" ಎಂದೆ. ಅವನ ಕೈ ಹಿಟ್ಟಿನ ಪಾತ್ರೆಯಲ್ಲೇ ನಿಂತಿತು. ಬಾಣಲೆಯ ಎಣ್ಣೆ ಕಾದು ಹೊಗೆಯಾಡುತ್ತಿದ್ದರೂ ಅವನು ಮಿಸುಕಲಿಲ್ಲ.

"ಏನಂತ ಬರಸ್ಯಾಳ್ರಿ? ಇನ್ನೊಮ್ಮೆ ಓದ್ರಿ" ಎಂದ.

ಇನ್ನೊಮ್ಮೆ ಓದಿದೆ. ಅವನು ಕೈ ತೊಳೆದು, ಒರೆಸಿಕೊಂಡು, ಕಾಗದ ಇಸಿದುಕೊಂಡು, ತೋರಿಸಿದಲ್ಲಿ ಒಂದು ಗೀಚು ಗೀಚಿದ. ಆಮೇಲೆ ಒಂದು ತಟ್ಟೆ ಮಂಡಕ್ಕಿ, ಮೇಲೆ ಬಿಸಿ ಮಿರ್ಚಿ ಇಟ್ಟು ನನ್ನ ಮುಂದೆ ಹಿಡಿದ. ಅಮೀನನಿಗೆ ಯಾರೂ ತಿನ್ನಲು ಕೊಡುವುದಿಲ್ಲ ಎಂದೆನಲ್ಲ, ಅದು ತಪ್ಪಿದ್ದು ಆ ಒಂದು ಸಲ.

ಸಂಜೆ ಸಾಹೇಬರು ಎಂದಿನಂತೆ ಬಾಗಿಲು ಯಾರು ತೆಗೆದರೆಂದು ಕೇಳಿದರು. ನಾನು ಹಿಟ್ಟಿನಲ್ಲಿ ನಿಂತ ಕೈಯ ಬಗ್ಗೆ ಬಣ್ಣಿಸಿ ಹೇಳಿದೆ. ಅವರು ಚಹಾ ಕೆಳಗಿಟ್ಟರು.

"ಬಿಟ್ಟು ಹೋದ ಗಂಡ ಅಲ್ಲಲೇ ಅಂವ. ಬಿಟ್ಟು ಹೋದಾಂವ ತಾರೀಖು ಕೇಳ್ತಾನ, ವಕೀಲ ಯಾರು ಅಂತ ಕೇಳ್ತಾನ. ಇನ್ನೊಮ್ಮೆ ಓದ್ರಿ ಅನ್ನಂಗಿಲ್ಲ. ಹಂಗ ಅನ್ನೋನು ಕಾದು ಕುಂತಾಂವ. ಅವರಪ್ಪನ ಹೆಸರು ಕೇಳಿದ್ಯೇನು?"

ನಾನು ಕೇಳಿರಲಿಲ್ಲ. ಮರುದಿನ ಮೊದಲ ಬಸ್ಸಿಗೆ ಕೊಟ್ಟೂರಿಗೆ ಹೋದರೆ ಮಿರ್ಚಿ ಅಂಗಡಿಗೆ ಬೀಗ. ಅವನು ಬಸಪ್ಪನ ಮಗ ಕೊಟ್ರೇಶ ಎಂದು ಪಕ್ಕದ ಅಂಗಡಿಯವರಿಂದ ತಿಳಿಯಿತು. ಅವನ ಹೆಂಡತಿ ಗೌರಮ್ಮ ಯಾವ ಕಾಲದಲ್ಲೋ ಮುನಿಸಿಕೊಂಡು ಹಡಗಲಿಯ ತವರಿಗೆ ಹೋದವಳು ಬಂದಿರಲಿಲ್ಲವಂತೆ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ, ಇವರು ಬೇರೆ ಬೇರೆ ಊರಿನಲ್ಲಿ ಉಂಡು ಮಲಗುತ್ತಿದ್ದರು. "ನಿನ್ನಿ ಸಂಜಿ ಬಸ್ಸಿಗೆ ಹೋದ್ನಲ್ರಿ. ಹೊಸಾ ಅಂಗಿ ಹಾಕ್ಕೊಂಡಿದ್ದ. ನಮ್ಮಾಕಿ ಕರಸ್ಯಾಳ ಅಂದ" ಎಂದರು ಪಕ್ಕದವರು.

ಕಾಗದ ವಾಪಸು ತರದೆ ಗತಿಯಿರಲಿಲ್ಲ. ರಜೆ ಹಾಕಿ, ಅದರ ಮರುದಿನ ಹಡಗಲಿಗೆ ಹೋದೆ. ಊರಾಚೆ ಮಲ್ಲಿಗೆ ತೋಟ, ಪಕ್ಕದಲ್ಲಿ ಮನೆ. ದೂರದ ಸಾಲಿನಲ್ಲಿ ಕೊಟ್ರೇಶ ಬಗ್ಗಿ ಮೊಗ್ಗು ಬಿಡಿಸುತ್ತಿದ್ದ. ಮಿರ್ಚಿ ಹಿಡಿದ ಕೈ, ಮೊಗ್ಗು ಬಿಡಿಸುವುದಕ್ಕಿಂತ ಹಿಸುಕುವುದೇ ಹೆಚ್ಚು. ತಡಿಕೆಯ ಬಾಗಿಲು ತೆಗೆದವಳು ಗೌರಮ್ಮ. ಸೊಂಟಕ್ಕೆ ಕಟ್ಟಿದ ಮಡಿಲಿನಲ್ಲಿ ಮೊಗ್ಗು ತುಂಬಿತ್ತು. ಒಂದು ಕೈ ಅದರೊಳಗೇ ಇತ್ತು, ಮೊಗ್ಗನ್ನು ಸುಮ್ಮನೆ ಸವರುತ್ತಿತ್ತು.

"ಕೋರ್ಟಿನಾರೇನ್ರಿ? ಕಾಗದ ತಪ್ಪಿ ಬಂದೈತಿ ಅಂತ ಹೇಳಾಕ ಬಂದೀರಿ, ಹೌದಿಲ್ಲೋ?" ಎಂದಳು ದನಿ ತಗ್ಗಿಸಿ.

ನಾನು ತಲೆಯಾಡಿಸಿದೆ.

"ನಾ ಯಾವ ಕೋರ್ಟಿನ ಕಟ್ಟೀನೂ ಹತ್ತಿಲ್ರಿ. ಅವರು ಬಂದು ಅಂಗಳದಾಗ ನಿಂತು, ನೀ ಕರಸೀದಿ, ಬಂದೀನಿ ಅಂದ್ರು. ನಾ ಹೂಂ ಅಂದೆ. ಅಂಗಿ ಒಗ್ಯಾಕ ತಗೊಂಡಾಗ ಕಿಸೇದಾಗಿಂದು ಓದೀನಿ. ಆ ಶಾರದಮ್ಮ ಯಾರೋ ಏನೋ, ಪುಣ್ಯಾತಗಿತ್ತಿ." ಮಡಿಲಿನಿಂದ ಕಾಗದ ತೆಗೆದು ಕೊಟ್ಟಳು. ಅದಕ್ಕೆ ಮಲ್ಲಿಗೆಯ ವಾಸನೆ ಹತ್ತಿತ್ತು. "ಇದನ್ನ ಒಯ್ರಿ. ನೀರಾಗ ಹೋತು ಅಂತೀನಿ. ಆದ್ರ ಅವರಿಗೆ ಹೇಳಬ್ಯಾಡ್ರಿ ಅಣ್ಣಾರ. ಕರದಾಳ ಅಂದ್ಕೊಂಡು ಬಂದಾರ, ಕರದಂಗ ಇರ್ಲಿ."

ಆಗಲಿ ಎಂದು ಮಾತು ಕೊಟ್ಟೆ. ದಾರಿಯುದ್ದಕ್ಕೂ ಬಸ್ಸಿನಲ್ಲಿ ನನಗೆ ಒಂದೇ ತವಕ. ಯಾವಾಗ ಹೋಗಿ ಸಾಹೇಬರ ಮುಂದೆ ಇದನ್ನೆಲ್ಲ ಬಿಚ್ಚಿಡುತ್ತೇನೋ, ತಡಿಕೆ, ಮಡಿಲು, ಮೊಗ್ಗಿನೊಳಗಿನ ಕೈ. ಇಷ್ಟು ಚೆನ್ನಾಗಿ ಬಾಗಿಲು ನೋಡಿಕೊಂಡು ಬಂದದ್ದು ನನ್ನ ಇಡೀ ಸರ್ವಿಸಿನಲ್ಲಿ ಮತ್ತೊಂದಿಲ್ಲ.

ಸಾಹೇಬರು ಅಂದು ಬಾಗಿಲು ಯಾರು ತೆಗೆದರೆಂದು ಕೇಳಲೇ ಇಲ್ಲ. ನಾನಾಗಿಯೇ ಹೇಳಿದೆ. ಕೇಳುತ್ತ ಕೇಳುತ್ತ ಅವರ ಮುಖ ಬಿಗಿಯಿತು.

"ಹೋಗಿ ಅಂವಗ ಖರೇ ಹೇಳು" ಎಂದರು.

"ಯಾಕ್ರಿ ಸಾಹೇಬ್ರ? ಇಬ್ರೂ ಸುಖದಾಗದಾರ."

"ತಿಳೀದ ಬಂದಾಂವ ಬಂದಂಗಲ್ಲ. ಆಕಿ ಕರದಾಳ ಅಂತ ತಿಳದು ಬಂದಾನ, ಆಕಿ ಕರದಿಲ್ಲ. ನಾಳೆ ಗೊತ್ತಾದ್ರ ಅಂವ ಎಲ್ಲಿ ಮುಖ ಇಟ್ಕೊಳ್ಳಲಿ? ಬರೋದಿದ್ರ ಮನಷ್ಯಾ ತನ್ನ ಬುದ್ಧಿಯಿಂದ, ಎಲ್ಲಾ ತಿಳದು ಬರಬೇಕು."

"ಮನಷ್ಯಾಗ ಒಂದು ನೆವ ಬೇಕು ಅಂತ ನೀವ ಹೇಳಿದ್ರಿ."

"ನೆವ ಬ್ಯಾರೆ, ಸುಳ್ಳು ಬ್ಯಾರೆ."

"ನಾ ಆಕೀಗೆ ಮಾತು ಕೊಟ್ಟೀನ್ರಿ."

"ನೀ ಕೋರ್ಟಿನ ಅಮೀನನೋ, ಆಕೀ ಅಮೀನನೋ?" ಅವರ ದನಿ ಏರಿದ್ದನ್ನು ನಾನು ಕೇಳಿದ್ದು ಅದೇ ಮೊದಲು. "ಕಾದಂಬರಿ ಓದಿ ಓದಿ ಕೆಟ್ಟಿ ನೀನು. ಆ ಪುಸ್ತಕ ತಂದುಕೊಡು."

"ಮುಗಿಸಿ ತರ್ತೀನ್ರಿ" ಎಂದೆ. ಅಷ್ಟೇ ಮಾತು.

ತಪ್ಪು ಜಾರಿಯಾಗಿದೆ ಎಂದು ಕೋರ್ಟಿಗೆ ವರದಿ ಬರೆದುಕೊಟ್ಟೆ. ಹೊಸ ಸಮನ್ಸು ವೀರಪ್ಪನ ಮಗನಿಗೆ ಹೋಯಿತು. ಅವನು ತಾರೀಖು ಕೇಳಿದ, ವಕೀಲರ ಹೆಸರು ಕೇಳಿದ, ಸಾಹೇಬರು ಹೇಳಿದಂತೆಯೇ. ಪಾಪ, ಶಾರದಮ್ಮನ ಸಂಸಾರ ಕೂಡಿಬರಲಿಲ್ಲ. ಮಿರ್ಚಿ ಕೊಟ್ರೇಶ ಮಾತ್ರ ಮಲ್ಲಿಗೆ ಕಾಲ ಮುಗಿಸಿಕೊಂಡು ಹೆಂಡತಿಯ ಜೊತೆ ಕೊಟ್ಟೂರಿಗೆ ಮರಳಿದ ಎಂದು ಕೇಳಿದೆ. ಸಾಹೇಬರೂ ಕೇಳಿರಬೇಕು. ಆದರೆ ನಮ್ಮಿಬ್ಬರ ಚಹಾ ಎರಡಾಗಿತ್ತು. ಅವರದು ಅವರ ಕೋಣೆಗೆ, ನನ್ನದು ಅಂಗಡಿಯ ಬೆಂಚಿಗೆ. ಕೆಲಸದ ಮಾತು ಬಿಟ್ಟು ಬೇರೆ ಮಾತಿಲ್ಲ. ಅವರು ಮೊದಲು ಕರೆಯಲಿ ಎಂದು ನಾನು, ನಾನೇ ಹೋಗಲಿ ಎಂದು ಅವರು. ಮುನ್ನೂರು ಪುಟ ಓದಿ ಸಿಟ್ಟಾದದ್ದನ್ನೇ ನಾವಿಬ್ಬರೂ ಮಾಡುತ್ತ ಕೂತೆವು.

ಅವರ ಬೀಳ್ಕೊಡುಗೆಯ ದಿನ ಸರದಿಯಲ್ಲಿ ನಿಂತು ಹಾರ ಹಾಕಿದೆ. "ಪುಸ್ತಕ ಮುಗೀತೇನು?" ಎಂದು ಕೇಳಿದರು. "ಇನ್ನೂ ಒಂದೀಟು ಐತ್ರಿ" ಎಂದೆ. ಏನೋ ಹೇಳಲು ಬಾಯಿ ತೆರೆದರು, ಅಷ್ಟರಲ್ಲಿ ಹಿಂದಿನವನು ಹಾರ ಹಿಡಿದು ಮುಂದೆ ಬಂದ. ಅವರು ಹರಪನಹಳ್ಳಿಗೆ, ತಮ್ಮನ ಮನೆಯ ಪಕ್ಕದ ಸಣ್ಣ ಮನೆಗೆ ಹೋದರು ಎಂದು ಆಮೇಲೆ ತಿಳಿಯಿತು.

ಆನಂತರ ಬಂದ ನಾಜರರು ಒಳ್ಳೆಯವರೇ. ಸಹಿ ನೋಡುತ್ತಿದ್ದರು, ಸರಿ ಎನ್ನುತ್ತಿದ್ದರು. ನಾನು ಬಾಗಿಲುಗಳನ್ನು ನೋಡಿಕೊಂಡು ಬರುತ್ತಲೇ ಇದ್ದೆ, ಹೇಳಿಕೊಳ್ಳಲು ಮಾತ್ರ ಯಾರೂ ಇರಲಿಲ್ಲ. ಎಷ್ಟೋ ಸಂಜೆ ಬಸ್ಸಿಳಿದು ನಡೆಯುವಾಗ, ಇದನ್ನು ಸಾಹೇಬರಿಗೆ ಹೇಳಿದರೆ ಏನೆನ್ನುತ್ತಿದ್ದರು ಎಂದು ನನ್ನಷ್ಟಕ್ಕೇ ಅವರ ದನಿಯಲ್ಲಿ ಉತ್ತರ ಹೇಳಿಕೊಂಡದ್ದುಂಟು. ಈಗ ಕೆಲವು ಕಡೆ ಸಮನ್ಸು ಮೊಬೈಲಿಗೇ ಹೋಗುತ್ತದೆ. ಎರಡು ನೀಲಿ ಗೀಟು ಬಂದರೆ ಓದಿದಂತೆ. ಅನುಕೂಲವೇ, ಇಲ್ಲವೆನ್ನುವುದಿಲ್ಲ. ಓದುವಾಗ ಕೈ ಹಿಟ್ಟಿನಲ್ಲಿತ್ತೋ ಮೊರದ ಮೇಲಿತ್ತೋ ಎಂಬುದನ್ನು ಆ ಗೀಟು ಹೇಳುವುದಿಲ್ಲ, ಅಷ್ಟೇ.

ಕಳೆದ ತಿಂಗಳು ಒಂದು ನಿಶ್ಚಿತಾರ್ಥಕ್ಕೆಂದು ಕೊಟ್ಟೂರಿಗೆ ಹೋಗಿದ್ದೆ. ಕಾಲು ತಾನಾಗಿ ಮಿರ್ಚಿ ಅಂಗಡಿಯ ಕಡೆ ಎಳೆಯಿತು. ಕೊಟ್ರೇಶನ ತಲೆ ಬೆಳ್ಳಗಾಗಿದೆ. ಗೌರಮ್ಮ ಒಳಗೆ ಮಂಡಕ್ಕಿಗೆ ಒಗ್ಗರಣೆ ಕಲಸುತ್ತಿದ್ದಳು. ನನ್ನ ಗುರುತು ಹಿಡಿದು ಇಬ್ಬರೂ ಕೂರಿಸಿ ಮಿರ್ಚಿ ಕೊಟ್ಟರು. ಆಕೆ ನೀರು ತರಲು ಹಿಂದೆ ಹೋದಾಗ ಅವನು ಬಾಣಲೆಯ ಮೇಲೆ ಬಗ್ಗಿ ಮೆಲ್ಲಗೆ ಹೇಳಿದ.

"ನಮ್ಮಪ್ಪ ಬಸಪ್ಪ ರೀ. ನೀವು ವೀರಪ್ಪನ ಮಗ ಅಂತ ಓದಿದಾಗನ ಅದು ನನಗ ಬಂದದ್ದಲ್ಲ ಅಂತ ತಿಳೀತು. ಅಪ್ಪನ ಹೆಸರು ಗೊತ್ತಿಲ್ಲದಾಂವ ಯಾರದಾರ್ರಿ? ಆದ್ರ ಇನ್ನೊಮ್ಮೆ ಓದ್ರಿ ಅಂದೆ. ಕೇಳಾಕ ಅಷ್ಟು ಚಂದ ಇತ್ತು. ಇದನ್ನ ಹಿಡಕೊಂಡರ ಆಕೀ ಬಾಗಲಿಗೆ ಹೋಗಾಕ ಒಂದು ನೆವ ಆಗ್ತತಿ ಅನ್ನಿಸ್ತು. ಹೋದೆ. ಆಕೀಗೆ ಗೊತ್ತಿಲ್ಲ, ಹೇಳಬ್ಯಾಡ್ರಿ."

ಗೌರಮ್ಮ ನೀರು ತಂದಿಟ್ಟಳು. ನನ್ನನ್ನೊಮ್ಮೆ ನೋಡಿ ಸಣ್ಣಗೆ ನಕ್ಕಳು. ನಾನು ಇನ್ನೊಂದು ಮಿರ್ಚಿ ತಿಂದೆ, ಖಾರಕ್ಕೆ ಕಣ್ಣಲ್ಲಿ ನೀರು ಬಂತು ಎಂದು ಅವರು ತಿಳಿದರು.

ತಿಳಿಯದೆ ಬಂದವನು ಬಂದಂತಲ್ಲ ಎಂದಿದ್ದರು ಸಾಹೇಬರು. ಅವನು ಎಲ್ಲ ತಿಳಿದೇ ಬಂದಿದ್ದ. ಇದನ್ನು ಅವರಿಗೆ ಹೇಳದೆ ಇನ್ನು ಯಾರಿಗೆ ಹೇಳಲಿ? ಮನೆಗೆ ಹೋಗಿ ಗೂಡಿನ ಪುಸ್ತಕ ತೆಗೆದು ಧೂಳು ಕೊಡವಿದೆ. ಮರುದಿನ ಹರಪನಹಳ್ಳಿಯ ಬಸ್ಸು ಹತ್ತಿದೆ. ಎಷ್ಟೋ ವರ್ಷ ಕಾಗದ ಹಿಡಿದು ಅಲೆದವನು, ಚೀಲದಲ್ಲಿ ಒಂದು ಪುಸ್ತಕ ಇಟ್ಟುಕೊಂಡು ಆ ಒಂದು ಬಾಗಿಲು ಬಡಿದೆ.

ಬಾಗಿಲು ತೆಗೆದವರು ಸಾಹೇಬರೇ. ಕೈಯಲ್ಲಿ ಅರ್ಧ ಸುಲಿದ ಬೆಳ್ಳುಳ್ಳಿ ಇತ್ತು. ನನ್ನನ್ನು ನೋಡಿದ ಮೇಲೂ ಹೆಬ್ಬೆರಳು ಸ್ವಲ್ಪ ಹೊತ್ತು ಸಿಪ್ಪೆ ಸುಲಿಯುತ್ತಲೇ ಇತ್ತು, ಸುಲಿಯಲು ಏನೂ ಉಳಿದಿರಲಿಲ್ಲ.

"ಪುಸ್ತಕ ಕೊಡಾಕ ಬಂದೆ ಸಾಹೇಬ್ರ" ಎಂದೆ.

"ಮುಗೀತೇನು?"

"ಕೊನೇ ಅಧ್ಯಾಯ ಉಳದೈತ್ರಿ."

"ಒಳಗ ಬಾ."

ಕೂತೆ. ಕೊಟ್ಟೂರಿನ ಮಾತು ಹೇಳಿದೆ. ಅಪ್ಪನ ಹೆಸರು, ಇನ್ನೊಮ್ಮೆ ಓದ್ರಿ ಎಂದದ್ದು, ಅವಳಿಗೆ ಹೇಳಬೇಡಿ ಎಂದು ಅವನು, ಅವನಿಗೆ ಹೇಳಬೇಡಿ ಎಂದು ಅವಳು. ಅವರು ಗೋಡೆ ನೋಡುತ್ತ ಕೇಳಿದರು. ಆ ಗೋಡೆಯ ಮೇಲೆ ಒಬ್ಬ ಹೆಣ್ಣುಮಗಳ ಹಳೆಯ ಫೋಟೋ ಇತ್ತು. ಫೋಟೋಕ್ಕೆ ಒಂದು ಮೊಳ ಮಲ್ಲಿಗೆ.

"ನಮ್ಮಾಕೀನೂ ಹಡಗಲಿಯಾಕಿ" ಎಂದರು. "ಕೂಸು ಹೋದ ಮ್ಯಾಲ ತವರಿಗೆ ಹೋದ್ಲು. ನಾ ಕರೀಲಿಲ್ಲ. ಬರೋದಿದ್ರ ತನ್ನ ಬುದ್ಧಿಯಿಂದ, ತಿಳದು ಬರ್ಲಿ ಅಂದೆ. ನಾ ಕರೀಲಿ ಅಂತ ಆಕಿ ಅಲ್ಲಿ ಕುಂತಿದ್ಲು ಅಂತ, ಆಕಿ ಸಾಯೋ ಮುಂದ, ಆಕೀ ತಮ್ಮ ಹೇಳಿ ಕಳಿಸಿದ." ಬೆಳ್ಳುಳ್ಳಿಯನ್ನು ಕೆಳಗಿಟ್ಟರು. "ಊರಾಗಿನ ಬಾಗಲಿಗೆಲ್ಲಾ ನಿಮ್ಮನ್ನ ಕಳಿಸಿದೆ ಬೀರಾ. ನನ್ನ ಬಾಗಲಿಗೆ ಒಂದು ತಪ್ಪು ಕಾಗದ ಯಾರೂ ತರಲಿಲ್ಲ ನೋಡು."

ನಾನು ಓದಿದ ಯಾವ ಪುಸ್ತಕವೂ ಆ ಹೊತ್ತಿಗೆ ನೆರವಿಗೆ ಬರಲಿಲ್ಲ. ಅವರೇ ಎದ್ದು ಒಳಗೆ ಹೋದರು. ಒಂದೇ ಚಹಾ ಮಾಡಿ ಎರಡು ಗ್ಲಾಸಿಗೆ ಬಗ್ಗಿಸಿ ತಂದರು.

"ಕಣ್ಣು ಈಗ ಅಕ್ಷರಕ್ಕ ಒಗ್ಗಂಗಿಲ್ಲ. ಗಟ್ಟಿಯಾಗಿ ಓದು" ಎಂದರು.

ನಾನು ಗುರುತಿಟ್ಟ ಪುಟ ತೆಗೆದು ಕೊನೆಯ ಅಧ್ಯಾಯ ಓದತೊಡಗಿದೆ. ಎರಡನೆಯ ಸಾಲಿಗೇ ಅವರು ಕೈಯೆತ್ತಿ ತಡೆದರು.

"ಇನ್ನೊಮ್ಮೆ ಓದು" ಎಂದರು.